ನಮ್ಮ ಭಾವನ ಪ್ರತ್ಯೇಕ ರಾಜ್ಯ

ನನ್ನ ಅಕ್ಕನ ಗಂಡ ಗುಂಡಣ್ಣನಿಗೆ ಒಂದು ರಾಜ್ಯ ಬೇಕಾಗಿದೆ. ಕರಾವಳಿಯನ್ನು ಕರ್ನಾಟಕದಿಂದ ಬೇರೆ ಮಾಡಬೇಕಂತೆ. ಕೊಡದಿದ್ದರೆ ದೇಶವೇ ಬೇರೆ ಬೇಕಂತೆ. ಆ ದೇಶದಲ್ಲಿ ಹೋಗಿ ಇರುತ್ತೀರಾ ಎಂದು ಮಾತ್ರ ಕೇಳಬೇಡಿ. ತಾಂಬರಂ ಸ್ಟೇಷನ್ನಿನ ಎದುರಿನ ಹೋಟೆಲಿನ ಗಲ್ಲಾ ಬಿಟ್ಟು ಈ ಮನುಷ್ಯ ಊರಿಗೆ ಹೋಗುವುದು ಯುಗಾದಿಗೆ ಮಾತ್ರ. ಹೋದ ಮರುದಿನವೇ ‘ಅಲ್ಲಿ ಎಂತ ಸೆಕೆ!’ ಎಂದು ಗೊಣಗುತ್ತ ವಾಪಸು. ಚೆನ್ನೈಯಲ್ಲಿ ಇದ್ದುಕೊಂಡು ಊರಿನ ಸೆಕೆಯನ್ನು ದೂರುವವರು ಇವರೊಬ್ಬರೇ.

ಈ ರಾಜ್ಯ ಹುಟ್ಟಿದ್ದು ಒಂದು ಕುರ್ಚಿಯಿಂದ. ಇಲ್ಲಿಯ ಕನ್ನಡ ಕೂಟವೊಂದರ ರಾಜ್ಯೋತ್ಸವದಲ್ಲಿ ಭಾವನಿಗೆ ವೇದಿಕೆಯ ಮೇಲೆ ಜಾಗ ಸಿಗಲಿಲ್ಲ. ಕೊನೆಗೆ ಯಾರೋ ಮೈಕು ಕೊಟ್ಟರು. ಇವರು, “ಊಟ ಉಂಟು, ಎಲ್ಲರೂ ಕುಳಿತುಕೊಳ್ಳಬೇಕಾಗಿ ವಿನಂತಿ” ಎಂದರು. ಬೆಂಗಳೂರಿನಿಂದ ಬಂದಿದ್ದ ಅತಿಥಿ, “ಏನ್ ಸಾರ್, ಒಳ್ಳೆ ಯಕ್ಷಗಾನದ ಥರ ಮಾತಾಡ್ತೀರಲ್ಲ!” ಎಂದು ನಕ್ಕುಬಿಟ್ಟ. ಅಷ್ಟೇ. ಮನೆಗೆ ಬಂದು ಅಂಗಿ ಕಳಚುವ ಮೊದಲೇ ಭಾವ ರಾಜ್ಯ ಸ್ಥಾಪಿಸಿದರು.

“ಗೌರವ ಇಲ್ಲದಲ್ಲಿ ಎಂತಕ್ಕೆ ಇರ್ಬೇಕು ವಾಸಂತಿ? ಬಿಟ್ಟುಹೋಗುದು ಪ್ರತಿಯೊಂದು ಜನದ ಹಕ್ಕು. ಈ ತಮಿಳಿನವರೇ ಒಂದು ಕಾಲದಲ್ಲಿ ಪ್ರತ್ಯೇಕ ದೇಶ ಕೇಳಿದವರು, ಗೊತ್ತುಂಟಾ?”

“ಗೊತ್ತುಂಟು ಭಾವ. ಕಾವೇರಿ ಗಲಾಟೆಯಲ್ಲಿ ಹೋಟೆಲಿನ ಬೋರ್ಡಿನ ಮೇಲಿನ ‘ಉಡುಪಿ’ಗೆ ಗೋಣಿ ಹೊದೆಸಿದ್ದು ಯಾರು ಅಂತಲೂ ಗೊತ್ತುಂಟು” ಎಂದೆ. ನಾನು ಮದುವೆಯಾಗದವಳು, ವಿಮೆ ಆಫೀಸಿನಿಂದ ನಿವೃತ್ತಳಾಗಿ ಅವರ ಮನೆಯ ಮಹಡಿಯಲ್ಲೇ ಇರುವವಳು. ಹಾಗೆಂದು ಬಾಯಿಗೆ ಬೀಗ ಹಾಕಿಕೊಂಡಿಲ್ಲ.

“ಸುಮ್ಮನೆ ಕೂತ್ಕೊ ಮಾರಾಯ್ತಿ!” ಎಂದು ಅಕ್ಕ ಅಡುಗೆಮನೆಯಿಂದ ಗದರಿದಳು.

ಸಮಿತಿಯೊಂದು ಆಯಿತು. ನಾಲ್ಕು ಹೋಟೆಲಿನವರು, ಇಬ್ಬರು ಬ್ಯಾಂಕಿನವರು. ಎಲ್ಲರೂ ಪದಾಧಿಕಾರಿಗಳು, ಬರಿಯ ಸದಸ್ಯ ಒಬ್ಬನೂ ಇಲ್ಲ. ಉದ್ಘಾಟನೆಗೆ ಕಲ್ಯಾಣ ಮಂಟಪ ಗೊತ್ತುಮಾಡಿದರು. ನಿರೂಪಣೆಗೂ ವಂದನಾರ್ಪಣೆಗೂ ಒಂದು ಒಳ್ಳೆಯ ಗಂಟಲು ಬೇಕಿತ್ತು. ಅದು ಮಾಧವಿ.

ಮಾಧವಿ ಹೋಟೆಲಿನ ಬಿಲ್ ಕೌಂಟರಿನ ಹುಡುಗಿ. ನಮ್ಮ ಊರಿನ ಕಡೆಯವಳೇ, ಪದವಿ ಓದಿದವಳು, ಕನ್ನಡವೆಂದರೆ ಮುತ್ತು ಪೋಣಿಸಿದ ಹಾಗೆ. “ನಮ್ಮ ಮನೆಮಗಳು” ಎಂದು ಭಾವ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದರು. ಯಾವ ಜಾತಿ ಎಂದು ಕೇಳಿರಲಿಲ್ಲ. ಉದಾರತನದಿಂದಲ್ಲ, ಇಷ್ಟು ಚೆಂದ ಮಾತಾಡುವವಳು ತಮಗೆ ಬೇಕಾದ ಜಾತಿಯವಳೇ ಇರಬೇಕೆಂದು ತಾವೇ ತೀರ್ಮಾನಿಸಿಕೊಂಡಿದ್ದರು.

ಕಾರ್ಯಕ್ರಮಕ್ಕೆ ಮೂರು ದಿನ ಇರುವಾಗ ಭಾವ ಮೆರವಣಿಗೆಯ ವಿವರ ಹೇಳಿದರು. ಚೆಂಡೆ, ಹುಲಿವೇಷ, ಆಮೇಲೆ ಕೊರಗ ವೇಷ. ಒಡಿಶಾದ ಸಪ್ಲೈಯರ್ ಒಬ್ಬನಿಗೆ ಮೈಗೆಲ್ಲ ಮಸಿ ಬಳಿದು, ತಲೆಗೆ ಅಡಿಕೆ ಹಾಳೆಯ ಟೊಪ್ಪಿ ಇಟ್ಟು, ಡೋಲು ಬಡಿಯುತ್ತ ಮಂಗನ ಹಾಗೆ ಕುಣಿಸುವುದು. ಊರಿನಲ್ಲಿ ಅಷ್ಟಮಿಗೆ ಹಾಗೆ ಕುಣಿದು, ತಾವೇ ಮುಟ್ಟದೆ ದೂರವಿಟ್ಟ ಕೊರಗರನ್ನು ಅಣಕಿಸುತ್ತಿದ್ದ ಮಂದಿ ನಮ್ಮವರೇ.

ಮಾಧವಿ ಆಗತಾನೆ ಕಾಫಿ ತಂದಿಟ್ಟಿದ್ದಳು. “ಸರ್, ಆ ವೇಷ ಬೇಡ” ಎಂದಳು.

“ಎಂತಕ್ಕೆ? ನಮ್ಮ ಸಂಸ್ಕೃತಿ ಅಲ್ವಾ ಮಗಾ?”

“ನಾನು ಕೊರಗರ ಮಗಳು.”

ಭಾವನ ಮುಖ ನೋಡಬೇಕಿತ್ತು. “ಅಯ್ಯೋ, ಅದಕ್ಕೆಂತ! ನಾವು ಅದೆಲ್ಲ ನೋಡುದಿಲ್ಲ” ಎಂದರು. ಎನ್ನುತ್ತಲೇ ಕಾಫಿ ಲೋಟವನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದರು. ಅದು ಆರಿ ಕೆನೆಗಟ್ಟಿತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಥೂ!

ವೇಷ ರದ್ದಾಯಿತು. ಅದನ್ನೇ ದೊಡ್ಡ ತ್ಯಾಗ ಮಾಡಿದವರಂತೆ ಭಾವ ಎದೆಯುಬ್ಬಿಸಿ ನಿಂತಿದ್ದಾಗ ಮಾಧವಿ ಇನ್ನೊಂದು ಮಾತು ಕೇಳಿದಳು. ಅವಳ ಅಜ್ಜಿ ತುಕ್ರುವನ್ನು ಭಾವನ ಊರಿನ ದೊಡ್ಡ ಮನೆಗಳಿಗೆ ಕರೆಸುತ್ತಿದ್ದರು. ಬಸುರಿ ಹೆಂಗಸಿಗೆ ಏನಾದರೂ ದೋಷವೆಂದರೆ ಅವಳ ಕೂದಲು, ಉಗುರು ಅನ್ನಕ್ಕೆ ಬೆರೆಸಿ ತುಕ್ರುವಿನ ಮುಂದೆ ಇಡುತ್ತಿದ್ದರು. ಇವಳು ಉಂಡರೆ ದೋಷ ಇವಳಿಗೆ ಹತ್ತುತ್ತದೆಂಬ ನಂಬಿಕೆ. ಈ ಪದ್ಧತಿಗೆ ಅಜಲು ಎನ್ನುತ್ತಿದ್ದರು. ಸರಕಾರ ಕಾನೂನು ಮಾಡಿ ನಿಷೇಧಿಸಬೇಕಾಯಿತು.

“ಹೊಸ ರಾಜ್ಯ ಆಗ್ಲಿ ಸರ್. ಅದು ನನ್ನದೂ ಹೌದಾ ಅಂತ ನಂಗೆ ಗೊತ್ತಾಗ್ಬೇಕು. ನಿಮ್ಮ ಭಾಷಣದಲ್ಲಿ ಒಂದೇ ಮಾತು ಹೇಳಿ. ನಮ್ಮ ನಾಡಿನಲ್ಲಿ ನಾವು ಹೀಗೆ ಮಾಡಿದೆವು, ತಪ್ಪಾಯ್ತು ಅಂತ. ನಿಮ್ಮ ಊರಿನ ಮನೆಯವರ ಬಾಯಿಂದ ಇದೊಂದು ಮಾತು ಬರ್ಲಿ ಅಂತ ನನ್ನಮ್ಮ ಇಷ್ಟು ವರ್ಷ ಕಾದಿದ್ದಾಳೆ. ಅವಳಿಗೆ ಹೇಳ್ಲಾ?”

“ಖಂಡಿತ ಹೇಳ್ತೇನೆ. ಅಮ್ಮನಿಗೆ ಈಗಲೇ ತಿಳಿಸು” ಎಂದರು ಭಾವ. ಬೇರೆ ನಿರೂಪಕಿ ಸಿಗುವ ಹಾಗಿರಲಿಲ್ಲವಲ್ಲ.

ಭಾನುವಾರ ಬಂತು. ಭಾವ ಜರಿ ಶಲ್ಯ ಹೊದ್ದು ಮೈಕಿನ ಮುಂದೆ ನಿಂತರು. ಹಕ್ಕು ಎಂದರು, ಸ್ವಾಭಿಮಾನ ಎಂದರು, ನಮ್ಮನ್ನು ನೋಡಿ ನಕ್ಕವರನ್ನು ಬಿಟ್ಟುಹೋಗುತ್ತೇವೆ ಎಂದರು. ಪಕ್ಕದಲ್ಲಿ ನಿಂತ ಮಾಧವಿಯ ಕಣ್ಣು ಅವರ ಬಾಯಿಯ ಮೇಲೆಯೇ ಇತ್ತು. ಕೊನೆಗೆ ಆ ಮಾತು ಹೇಳಬೇಕಾದ ಜಾಗ ಬಂತು. ಭಾವ ಅವಳ ಕಡೆ ಒಮ್ಮೆ ನೋಡಿದರು, ಮುಂದಿನ ಸಾಲಿನಲ್ಲಿದ್ದ ನೆಂಟರನ್ನೂ ನೋಡಿದರು. “ನಮ್ಮ ಕರಾವಳಿಯಲ್ಲಿ ಮೇಲುಕೀಳು ಎಂಬುದು ಎಂದೂ ಇರಲಿಲ್ಲ! ಅದೆಲ್ಲ ಘಟ್ಟದ ಮೇಲಿನವರು ತಂದ ಪಿಡುಗು!”

ಹೇಡಿ! ಹೆದರಿದ್ದಾದರೂ ಯಾರಿಗೆ? ಪಾಯಸದ ವಾಸನೆಗೆ ಮೂಗರಳಿಸಿ ಕೂತಿದ್ದ ಆ ನೆಂಟರಿಗೆ! ನನ್ನ ಮೈ ಉರಿದುಹೋಯಿತು.

ಮಾಧವಿ ವಂದನಾರ್ಪಣೆಗೆ ಬಂದಳು. ಬಾಡಿಗೆ ಕುರ್ಚಿಯವರು, ಧ್ವನಿವರ್ಧಕದವರು, ಅಡುಗೆಯವರು. ಒಂದೊಂದು ಹೆಸರಿಗೂ ರೂಢಿಯ ಚಪ್ಪಾಳೆ. ಅವಳ ದನಿ ಸ್ವಲ್ಪವೂ ಏರಲಿಲ್ಲ.

“ಕೊನೆಯದಾಗಿ ನನ್ನ ಅಜ್ಜಿ ತುಕ್ರುವಿಗೆ ಧನ್ಯವಾದ. ಅಧ್ಯಕ್ಷರ ಊರಿನ ದೊಡ್ಡ ಮನೆಗಳ ಬಸುರಿಯರ ದೋಷ ತನಗೆ ಹತ್ತಲೆಂದು, ಅವರ ಕೂದಲು, ಉಗುರು ಬೆರೆಸಿ ಕೊಟ್ಟ ಅನ್ನವನ್ನು ಅವಳು ಉಂಡಳು. ಆ ಮನೆಗಳ ಮಕ್ಕಳು ಸುಖವಾಗಿ ಹುಟ್ಟಿದರು, ಬೆಳೆದರು, ಇವತ್ತು ಈ ಸಭೆಯಲ್ಲಿ ಕೂತಿದ್ದಾರೆ. ತುಕ್ರುವಿಗೆ ಎಲ್ಲರ ಪರವಾಗಿ ಧನ್ಯವಾದ.”

ಚಪ್ಪಾಳೆ ಬಿತ್ತು. ದೇವರಾಣೆ, ಜೋರಾಗಿಯೇ ಬಿತ್ತು! ಅರ್ಧ ಜನ ಕೇಳಿಸಿಕೊಂಡೇ ಇರಲಿಲ್ಲ, ಊಟದ ಕೋಣೆಯ ಕಡೆ ಎದ್ದಿದ್ದರು. ಕೇಳಿಸಿಕೊಂಡವರು ಪಕ್ಕದವರು ತಟ್ಟಿದರೆಂದು ತಾವೂ ತಟ್ಟಿದರು. ಭಾವ ಹಲ್ಲು ಕಿರಿದು ಸಭೆಗೆ ಕೈಮುಗಿದರು.

ಎಲೆಯ ಮುಂದೆ ಕೂತ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, “ಉಣ್ಣುವ ಹೊತ್ತಿಗೆ ಉಗುರು, ಕೂದಲು ಅಂತ ಹೇಳುದಾ? ಯಾರಿಗಾದ್ರೂ ಊಟ ಸೇರ್ತದಾ?” ಎಂದರು. ಅವರಿಗಂತೂ ಸೇರಿತು. ಹೋಳಿಗೆಯನ್ನು ಎರಡನೆಯ ಸಲ ಹಾಕಿಸಿಕೊಂಡರು.

ನಾನು ಎದ್ದು ಕೈತೊಳೆಯುವ ಕಡೆಗೆ ಹೋದೆ. ಮಾಧವಿ ಅಲ್ಲಿ ನಲ್ಲಿಯ ಪಕ್ಕದ ಗೋಡೆಗೆ ಒರಗಿ ನಿಂತಿದ್ದಳು. ಗದ್ದಲಕ್ಕೆ ಕೇಳುವುದಿಲ್ಲವೆಂದು ಫೋನನ್ನು ಸ್ಪೀಕರಿಗೆ ಹಾಕಿದ್ದಳು.

“ಅವರು ಹೇಳಿದ್ರಾ ಮಗಾ?” ಅವಳ ಅಮ್ಮನ ದನಿ.

“ಇಲ್ಲಮ್ಮ. ನಾನೇ ಹೇಳಿದೆ.”

“ಅದಕ್ಕೆ ಅವರೆಂತ ಮಾಡಿದ್ರು?”

“ಚಪ್ಪಾಳೆ ಹೊಡೆದ್ರು.”

ಆ ಹೆಂಗಸು ಕೇಳಿದಳು. “ಊಟ ಮಾಡಿದ್ಯಾ?”

“ಇಲ್ಲ, ಈಗ ಬಡಿಸ್ತಾ ಇದ್ದಾರೆ.”

“ಅಲ್ಲಿ ಉಣ್ಬೇಡ ಮಗಾ.”