ವೇಗದ ಡಿಸ್ಕು, ದೊಡ್ಡ ಡಿಸ್ಕು

ನಮ್ಮ ಮನೆಯ ಊಟದ ಮೇಜಿನ ಮೇಲೆ ವಾರದಿಂದ ಊಟವಿಲ್ಲ. ಅನ್ನದ ಪಾತ್ರೆ ಇರಬೇಕಾದಲ್ಲಿ ಕಂಪ್ಯೂಟರಿನ ಖಾಲಿ ಡಬ್ಬ, ಅದರ ಪಕ್ಕ ಮದರ್‌ಬೋರ್ಡು, ಫ್ಯಾನು, ಬಿಚ್ಚಿದ ತಂತಿಗಳು. ಹುಣಸೂರಿನ ನಮ್ಮ ಫೋಟೋ ಸ್ಟುಡಿಯೋಕ್ಕೆ ಬೇಕಾದ ಯಂತ್ರವನ್ನು ನಾವೇ ಜೋಡಿಸಿಕೊಳ್ಳೋಣವೆಂದು ಹೊರಟ ಗಂಡಹೆಂಡಿರು ಮಿಕ್ಕೆಲ್ಲದಕ್ಕೂ ಒಪ್ಪಿ, ಚಿತ್ರಗಳನ್ನು ಕೂಡಿಡುವ ಡಿಸ್ಕಿನ ಹತ್ತಿರ ಬಂದು ಮಾತು ಬಿಟ್ಟಿದ್ದೆವು.

ನಮ್ಮೆಜಮಾನರಿಗೆ ಬೇಕಾದದ್ದು ಎಸ್‌ಎಸ್‌ಡಿ. ಚಿಟಿಕೆ ಹೊಡೆಯುವಷ್ಟರಲ್ಲಿ ಫೈಲು ತೆರೆಯುತ್ತದೆ, ಆದರೆ ಅದೇ ದುಡ್ಡಿಗೆ ಜಾಗ ಕಮ್ಮಿ. ನನಗೆ ಬೇಕಾದದ್ದು ನಿಧಾನದ, ದೊಡ್ಡ ಹೊಟ್ಟೆಯ ಹಾರ್ಡ್ ಡಿಸ್ಕು, ಅದೂ ಜೋಡಿಯಾಗಿ, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. "ತಾಳಿ ಕಟ್ಟಿದ ಸಂಜೆಗೇ ರೀಲ್ಸ್ ಕೇಳ್ತಾರೆ ಕಣೆ. ಹಳೇ ಮದ್ವೆ ಯಾರಿಗ್ ಬೇಕು? ಆಲ್ಬಮ್ ಕೊಟ್ಮೇಲೆ ಅಳಿಸ್ಬುಡು" ಎನ್ನುತ್ತಿದ್ದರು. ಅವರ ಮಾತೂ ಸುಳ್ಳಲ್ಲ ನೋಡಿ. ಈ ಕಾಲಕ್ಕೆ ನೋಡುವ ಆತುರವಿದೆ, ಇಟ್ಟುಕೊಳ್ಳುವ ಸಹನೆಯಿಲ್ಲ. ಸವಿನೆನಪು ಎಂದು ಆಲ್ಬಮ್ಮಿನ ರಟ್ಟಿನ ಮೇಲೆ ಬಂಗಾರದ ಅಕ್ಷರದಲ್ಲಿ ಬರೆಸಿಕೊಳ್ಳುವವರೇ ಒಂದು ಪ್ರತಿ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ ಎಂದರೆ ಮುಖ ಸಿಂಡರಿಸುತ್ತಾರೆ.

ಮೊನ್ನೆ ಗುರುಪುರದ ಚಿಕ್ಕತಾಯಮ್ಮ ಬಂದರು. ಗಂಡ ತೀರಿಕೊಂಡಿದ್ದರು, ತಿಥಿಗೆ ಹಾರ ಹಾಕಲು ಒಂದು ಫೋಟೋ ಬೇಕಿತ್ತು. ನಮ್ಮ ಕಡೆ ಸ್ಟುಡಿಯೋ ಎಂದರೆ ಹೀಗೇ, ಸತ್ತವರ ಮುಖವನ್ನು ಯಾರದೋ ಮದುವೆಯ ಗುಂಪಿನಿಂದ ಹೆಕ್ಕಿ ಕಟ್ಟು ಹಾಕಿಸಿಕೊಡುವ ಜಾಗ. ಆಧಾರ್ ಕಾರ್ಡಿನದು ಬೇಡವೇ ಬೇಡವಂತೆ. "ಅದ್ರಲ್ಲಿ ಕಳ್ಳನಂಗೆ ಕಾಣ್ತಾರೆ ಕಣವ್ವ." ತಮ್ಮ ಅಣ್ಣನ ಮಗಳ ಬೀಗರೂಟದಲ್ಲಿ ಗಂಡ ನಗುನಗುತ್ತ ಬಡಿಸುವಾಗ ನಾವು ತೆಗೆದದ್ದೇ ಆಗಬೇಕಿತ್ತು. ಆ ಮದುವೆಯ ಆಲ್ಬಮ್ಮನ್ನೂ ಸೆರಗಿನಲ್ಲಿ ಸುತ್ತಿ ತಂದಿದ್ದರು. ಅದರಲ್ಲಿ ಮದುಮಗನ ಎಲೆಯ ಮೇಲೆ ಮುದ್ದೆ ಹಿಡಿದ ಅವರ ಒಂದು ಕೈ ಮಾತ್ರ ಇತ್ತು. ಬಡಿಸೋರೆಲ್ಲ ಯಾಕೆ, ಕತ್ತರಿಸಿ ಎಂದಿದ್ದರು ಗಂಡಿನ ಕಡೆಯವರು. ಇಡೀ ಚಿತ್ರ ಇದ್ದದ್ದು ನಮ್ಮ ಹಳೆಯ ಕಂಪ್ಯೂಟರಿನಲ್ಲಿ.

ಆ ಕಂಪ್ಯೂಟರಿನ ಡಿಸ್ಕು ಕಟಕಟ ಸದ್ದು ಮಾಡಿ ಕೆಟ್ಟು, ಮೈಸೂರಿನ ರಿಪೇರಿಯವರೂ ಇದರಿಂದ ಏನೂ ಬರೋಲ್ಲ ಎಂದು ವಾಪಸು ಕೊಟ್ಟಿದ್ದರು. ಹೊಸದನ್ನು ಕಟ್ಟುತ್ತಿದ್ದದ್ದೇ ಅದಕ್ಕೆ. ಆಕೆಗೆ ಇದನ್ನು ಯಾವ ಬಾಯಲ್ಲಿ ಹೇಳುವುದು? "ಕೆಟ್ಟೋಗಿದೆ ಕಣಮ್ಮ, ಸಿಕ್ಕಲ್ಲ" ಎಂದೆ. ಮುಖ ಕತ್ತರಿಸಲು ಹೇಳಿದವರ ಮೇಲೆ, ಕತ್ತರಿಸಿದ ನನ್ನ ಮೇಲೆ, ವೇಗ ವೇಗ ಎಂದು ಜಪ ಮಾಡುವ ನಮ್ಮೆಜಮಾನರ ಮೇಲೆ ಮೈಯೆಲ್ಲ ಉರಿಯಿತು.

ಚಿಕ್ಕತಾಯಮ್ಮ ಅಳಲಿಲ್ಲ. ಪುಟದ ಮೇಲಿನ ಆ ಕೈಯನ್ನು ಬೆರಳಿನಿಂದ ಸವರಿ, "ಅಂಗಾರೆ ಈ ಕೈನೇ ದೊಡ್ಡದು ಮಾಡ್ಕೊಡವ್ವ. ಎಬ್ಬೆಟ್ಟಲ್ಲಿ ರಾಗಿ ಕುಯ್ವಾಗ ಕುಡ್ಲು ತಾಕಿದ ಗುರ್ತದೆ ನೋಡು, ಅವರ್ದೇಯ" ಎಂದರು.

ಮಾಡಿಕೊಟ್ಟೆವು. ಕಟ್ಟಿನ ಗಾಜು ಒರೆಸುತ್ತ ನಮ್ಮೆಜಮಾನರು, ನನ್ನ ಮುಖ ನೋಡದೆ, "ದೊಡ್ಡ ಡಿಸ್ಕೇ ಎರಡು ಹೇಳ್ಬುಡು" ಎಂದರು. ಹೇಳಿದ್ದೇನೆ, ನಾಳೆ ಬರುತ್ತವೆ. ಇವತ್ತು ಗುರುಪುರದಲ್ಲಿ ತಿಥಿ. ಬಂದವರೆಲ್ಲ ಮುದ್ದೆ ಹಿಡಿದ ಆ ಕೈಗೆ ಹೂವು ಹಾಕಿ ನಮಸ್ಕಾರ ಮಾಡುತ್ತಿರಬೇಕು.