ಎಳ್ಳು ಉದುರಿಸೋದೊಂದೇ ಬಾಕಿ

ಓಣಿಯ ಮೂಲೆಯ ಟೈಲರ್, ಹೇಳಿದ ದಿನಕ್ಕೆ ಬಟ್ಟೆ ಕೊಟ್ಟ ಪಾಪವನ್ನು ಜನ್ಮದಲ್ಲಿ ಕಟ್ಟಿಕೊಂಡವನಲ್ಲ. ಬಟ್ಟೆಗೆ ಕತ್ತರಿಯೇ ತಾಗಿರದಿದ್ದರೂ ಅವನ ಉತ್ತರ ಒಂದೇ: "ಆಗೋಯ್ತು, ಗುಂಡಿ ಹಾಕೋದೊಂದೇ ಬಾಕಿ." ಆ ಮಾತು ನಂಬಿದ ಮದುಮಗನೊಬ್ಬ ಕೊನೆಗೆ ಚಿಕ್ಕಪ್ಪನ ದೊಗಳೆ ಕೋಟು ತೊಟ್ಟು ಮದುವೆಯಾಗಿದ್ದ.

ಇಂಥವನಿಗೆ ಒಂದು ಭಾನುವಾರ, ಮಗಳ ಜೊತೆ ಕೊರಿಯನ್ ಧಾರಾವಾಹಿ ನೋಡಿ ಹುರುಪು ಬಂತು. "ಇವತ್ತು ಅಡುಗೆಮನೆಗೆ ಯಾರೂ ತಲೆ ಹಾಕಬೇಡಿ. ಸೋಯಾ ಸಾಸಲ್ಲಿ ಬೇಯಿಸಿದ ಖಾರದ ತೋಫು, ಅದೇ ಸೋಯಾ ಪನೀರು, ಅನ್ನದ ಜೊತೆ ನಂಚ್ಕೊಳ್ಳೋಕೆ. ಒಂದು ಗಂಟೆಗೆ ಊಟ!"

ಒಂದು ಗಂಟೆಗೆ ಹೆಂಡತಿ ಕೂಗಿದಳು. "ಆಯ್ತೇನ್ರೀ?"

"ಆಗೋಯ್ತು ಕಣೇ, ಎಳ್ಳು ಉದುರಿಸೋದೊಂದೇ ಬಾಕಿ."

ಅವಳು ಇಣುಕಿ ನೋಡಿದಳು. ತೋಫು ಇನ್ನೂ ಬಟ್ಟೆ ಸುತ್ತಿಕೊಂಡು, ನೀರಿಳಿಯಲೆಂದು ತಣ್ಣಗಿನ ಇಸ್ತ್ರಿಪೆಟ್ಟಿಗೆಯ ಕೆಳಗೆ ಮಲಗಿತ್ತು. ಒಲೆ ಹಚ್ಚಿರಲಿಲ್ಲ. ಗಂಡ ಟೇಪು ಹಿಡಿದು ಈರುಳ್ಳಿ ಸೊಪ್ಪು ಅಳೆಯುತ್ತಿದ್ದ. ಅವಳು ಹಾಗೇ ಹಿಂದೆ ಸರಿದು ಮಗಳನ್ನು ಕರೆದುಕೊಂಡು ತಂಗಿಯ ಮನೆಗೆ ಊಟಕ್ಕೆ ಹೋದಳು.

ದೀಪ ಹಚ್ಚುವ ಹೊತ್ತಿಗೆ ತೋಫು ನಿಜಕ್ಕೂ ಸಿದ್ಧವಾಯಿತು. ಎರಡೂ ಬದಿ ಹೊಂಬಣ್ಣ, ಮೇಲೆ ಕೆಂಪಗಿನ ರಸ, ಒಂದೊಂದು ತುಂಡೂ ಅಂಚು ಹೊಲಿದಷ್ಟು ನೀಟು. ಎಳ್ಳನ್ನೂ ಉದುರಿಸಿಯಾಗಿತ್ತು. ಬಡಿಸೋಣವೆಂದರೆ ಮನೆಯಲ್ಲಿ ನರಪಿಳ್ಳೆಯಿಲ್ಲ. ಹೆಂಡತಿಗೆ ಫೋನು ಮಾಡಿದ.

"ಎಲ್ಲಿದ್ದೀರೇ? ಎಲ್ಲಾ ಆರಿ ಹೋಗ್ತಿದೆ!"

ಆ ಕಡೆ ಟೀವಿಯ ಗದ್ದಲ, ಮಗಳು ಕಿಸಕ್ಕನೆ ನಕ್ಕದ್ದು ಕೇಳಿಸಿತು.

"ಹೊರಟೇ ಬಿಟ್ವಿ ರೀ," ಎಂದಳು ಹೆಂಡತಿ ಹಾಯಾಗಿ, "ಚಪ್ಪಲಿ ಹಾಕ್ಕೊಳ್ಳೋದೊಂದೇ ಬಾಕಿ."