ಎಡಗಡೆಯ ಕನ್ನಡಿ

ಹೋದ ತಿಂಗಳು ಸಗಟು ಮಾರುಕಟ್ಟೆಯಲ್ಲಿ ನನ್ನ ಲಾರಿಗೆ ಸರಕು ತುಂಬುವಾಗ ಒಂದು ಈರುಳ್ಳಿ ಮೂಟೆ ಒಡೆದು ಅಂಗಳದ ತುಂಬಾ ಚೆಲ್ಲಾಡಿತು. ಫೋರ್ಕ್‌ಲಿಫ್ಟಿನವನು ಸಾರಿ ಸಾರಿ ಅಂದುಕೊಂಡೇ ಗುಡಿಸಿದ. ಚಕ್ರಕ್ಕೆ ಸಿಕ್ಕಿದ ನಾಲ್ಕಾರು ಜಜ್ಜಿಹೋಗಿದ್ದವು. ಹೊರಗೆ ಲಂಡನ್ನಿನ ಪಿರಿಪಿರಿ ಮಳೆ. ಕ್ಯಾಬಿನ್ ಹತ್ತಿ ಬಾಗಿಲು ಹಾಕಿಕೊಂಡ ಮೇಲೂ ಘಾಟು ಮೂಗಿನಲ್ಲೇ ಕೂತಿತ್ತು. ಹಸಿ ಈರುಳ್ಳಿ, ಡೀಸೆಲ್ಲು, ಮಳೆ... ಈ ಮೂರೂ ಒಟ್ಟಿಗೆ ಬಡಿದರೆ ನನಗೆ ಇಂಜಿನ್ ಸ್ಟಾರ್ಟ್ ಮಾಡಲು ಕೈ ಏಳುವುದಿಲ್ಲ. ಕಣ್ಣಲ್ಲಿ ನೀರು ಬಂದರೆ ಈರುಳ್ಳಿಯ ತಲೆಗೆ ಕಟ್ಟಬಹುದು, ಅದೊಂದು ಅನುಕೂಲ. ದೋಸೆಯಣ್ಣ ನೆನಪಾದರು.

ದೋಸೆಯಣ್ಣ ಅನ್ನುವುದು ನಾನು ಇಟ್ಟ ಹೆಸರು. ಲಂಡನ್ನಿನ ಅಂಚಿನ ಕೆಂಟನ್ನಿನಲ್ಲಿ ನಮ್ಮ ಮನೆ ಹತ್ತಿರದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ ಕುಂದಾಪುರದವರು ಅವರು. ಆ ಹೋಟೆಲಿನ ಅಡುಗೆಮನೆ ನೆಲಮಾಳಿಗೆಯಲ್ಲಿತ್ತು. ಕಿಟಕಿ ಅನ್ನುವುದು ಇರಲಿಲ್ಲ. ದೋಸೆ ಮಾತ್ರ ಪುಟ್ಟದೊಂದು ಲಿಫ್ಟಿನಲ್ಲಿ ಕೂತು ಮೇಲೆ ಬರುತ್ತಿತ್ತು. ಭಾನುವಾರ ಬಂತೆಂದರೆ ನಾವು ಹೋಗಿ ತಿನ್ನುತ್ತಿದ್ದೆವು, ಗರಿಗರಿ ಅಂತ ಹೊಗಳುತ್ತಿದ್ದೆವು, ಎದ್ದು ಬರುತ್ತಿದ್ದೆವು. ಅದನ್ನು ಹುಯ್ದವರ ಮುಖ ನಾನು ಮೊದಲು ನೋಡಿದ್ದು ಲಾರಿ ಕಲಿಯಲು ಹೋದಾಗ.

ಲಂಡನ್ನಿನಲ್ಲಿ ಒಲಿಂಪಿಕ್ಸ್ ಮುಗಿದ ಮರುವರ್ಷ ಅದು. ಸೂಪರ್‌ಮಾರ್ಕೆಟ್ಟಿನ ಬಿಲ್ಲು ಹಾಕುವ ಟಿಲ್ಲಿನಲ್ಲಿ ಕೂತು ದಿನವೆಲ್ಲ ಬೀಪ್ ಬೀಪ್ ಅನಿಸಿ ನನಗೆ ತಲೆ ಕೆಟ್ಟಿತ್ತು. ಹಿಂದಿನ ಅಂಗಳಕ್ಕೆ ಲಾರಿ ತಂದು ನಿಲ್ಲಿಸಿ, ಟೀ ಕುಡಿದು, ಯಾರ ಹಂಗೂ ಇಲ್ಲದೆ ಹೊರಟುಹೋಗುವ ಡ್ರೈವರುಗಳನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಆಗ ನಮ್ಮ ಕಡೆಯ ಒಂದು ಕಾಲೇಜಿನಲ್ಲಿ ದೊಡ್ಡವರಿಗೆ ಲಾರಿ ಓಡಿಸುವ ತರಬೇತಿ ಶುರುವಾಗಿದೆ ಎಂದು ಗೊತ್ತಾಯಿತು. ಹೋಗಿ ಹೆಸರು ಕೊಟ್ಟು ಬಂದೆ. ಮೈಸೂರಿನಿಂದ ಅಮ್ಮ ಫೋನಿನಲ್ಲಿ, ಲಾರಿಯಾ ಎಂದು ಎರಡೆರಡು ಸಲ ಕೇಳಿದರು. ಮಗಳು 'ಮಮ್, ಸೀರಿಯಸ್ಲಿ?' ಅಂದಳು. ಗಂಡ ಪೇಪರಿನಿಂದ ತಲೆ ಎತ್ತಿ, ಇನ್ಷೂರೆನ್ಸ್ ಯಾರು ಕಟ್ಟುತ್ತಾರೆ ಎಂದು ಕೇಳಿದರು. ಅವರು ಇರುವುದೇ ಹಾಗೆ, ಬಿಡಿ.

ಮೊದಲ ದಿನ ಲಾರಿಯ ಮೆಟ್ಟಿಲು ಹತ್ತಲಾರದೆ ನಾನು ಕನ್ನಡದಲ್ಲಿ ಗೊಣಗಿದೆ. ಹಿಂದಿನಿಂದ ಯಾರೋ ನಕ್ಕರು. ಕುಳ್ಳಗಿನ ಆಳು, ಅರ್ಧ ನೆರೆತ ಮೀಸೆ, ಸ್ವೆಟರಿನಿಂದ ತುಪ್ಪದ ವಾಸನೆ. ತಾವು ಯಾವ ಹೋಟೆಲಿನವರು ಎಂದು ಹೇಳಿದರು. ನಾನು ನಾಚಿಕೆ ಬಿಟ್ಟು, ನಿಮ್ಮ ದೋಸೆ ತಿಂದೇ ನಾನು ಈ ಗಾತ್ರ ಆಗಿರುವುದು, ಮೆಟ್ಟಿಲು ಹತ್ತಲಾಗದ್ದಕ್ಕೂ ನೀವೇ ಜವಾಬ್ದಾರಿ ಎಂದೆ. ಅವತ್ತಿನಿಂದ ಮೇಷ್ಟ್ರು ನಮ್ಮಿಬ್ಬರನ್ನು ಜೋಡಿ ಮಾಡಿದರು. ಒಬ್ಬರು ಓಡಿಸುವಾಗ ಇನ್ನೊಬ್ಬರು ಹಿಂದಿನ ಸೀಟಿನಲ್ಲಿ ಕೂತು ನೋಡಬೇಕು. ಮೇಷ್ಟ್ರು ಐರ್ಲೆಂಡಿನ ಮುದುಕರು, ಬಾಯಿ ಜೋರು, ಮನಸ್ಸು ಬೆಣ್ಣೆ. ಅವರು ಎಡಗಡೆಯ ಸೀಟಿನಲ್ಲಿ ಕೂರುತ್ತಿದ್ದರು; ಕಾಲ ಬಳಿ ಅವರಿಗೂ ಒಂದು ಬ್ರೇಕು ಇತ್ತು.

ಐವತ್ತು ದಾಟಿದ ಮೇಲೆ ಈ ಕಷ್ಟ ಯಾಕೆ ಎಂದು ಟೀ ಕುಡಿಯುವಾಗ ಒಮ್ಮೆ ಕೇಳಿದೆ. ದೋಸೆಯಣ್ಣ ಲೋಟ ನೋಡುತ್ತ ಹೇಳಿದರು: "ಈ ದೇಶಕ್ಕ್ ಬಂದ್ ಎಷ್ಟ್ ವರ್ಷ ಆಯ್ತ್ ತಂಗಿ, ನಾ ಕಂಡದ್ದ್ ಕಾವಲಿ ಒಂದೇ. ಇಲ್ಲಿನ್ ಕಡಲ್ ಹ್ಯಾಂಗಿತ್ತ್ ಅಂದೇಳಿ ಒಂದ್ಸಲ ಕಾಣ್ಕ್."

ಕಡಲ ದಡದಲ್ಲಿ ಹುಟ್ಟಿದ ಮನುಷ್ಯ, ಸುತ್ತಲೂ ಕಡಲೇ ಇರುವ ದೇಶಕ್ಕೆ ಬಂದು, ನೆಲಮಾಳಿಗೆಯಲ್ಲೇ ವರ್ಷಗಳನ್ನು ಕಳೆದುಬಿಟ್ಟಿದ್ದರು. ವಾರಕ್ಕೊಂದು ರಜೆ, ಸೋಮವಾರ. ಅದೂ ನಿದ್ದೆಗೆ ಹೋಗುತ್ತಿತ್ತು. ಲೈಸೆನ್ಸು ಸಿಕ್ಕಿದರೆ ಬಂದರುಗಳ ಕಡೆ ಹೋಗುವ ಲಾರಿಗೇ ಸೇರುವುದು, ಕಾವಲಿಗೆ ಕೈಮುಗಿಯುವುದು, ಇದು ಅವರ ಲೆಕ್ಕಾಚಾರ. ನನಗೆ ಮೊದಲು ಸಿಕ್ಕಿದರೆ ಕಡಲ ಕಡೆಗಿನ ಮೊದಲ ಲೋಡಿಗೆ ಎಡಗಡೆಯ ಸೀಟು ನಿಮ್ಮದೇ ಎಂದು ಮಾತು ಕೊಟ್ಟೆ. ನಾನು ಮೊದಲು ಪಾಸಾಗುತ್ತೇನೆ ಎಂದು ಇಬ್ಬರೂ ನಂಬಿರಲಿಲ್ಲ. ಅವರದು ಅಂಥ ಕೈ.

ಮಳೆಯ ದಿನ ನಮಗೆಲ್ಲ ಕನ್ನಡಿಗಳದೇ ಕಾಟ. ಹನಿ ನಿಂತು ಹಿಂದಿನದು ಏನೂ ಕಾಣುತ್ತಿರಲಿಲ್ಲ. ಒಂದು ದಿನ ದೋಸೆಯಣ್ಣ ಊಟದ ಡಬ್ಬಿಯಿಂದ ಅರ್ಧ ಈರುಳ್ಳಿ ತೆಗೆದರು, ಅವರ ಮಾತಿನಲ್ಲಿ ಅದು ನೀರುಳ್ಳಿ. ಕಾವಲಿಗೆ ಎಣ್ಣೆ ಸವರುವ ಹಾಗೆಯೇ ಸುತ್ತಿ ಸುತ್ತಿ ಎರಡೂ ಕನ್ನಡಿಗಳಿಗೆ ಉಜ್ಜಿದರು. ಮೇಷ್ಟ್ರು ಇದೇನು ಅಡುಗೆಮನೆಯಾ ಎಂದು ರೇಗಿದರು. ಆಮೇಲೆ ನೋಡಿದರೆ ನೀರು ಹನಿಗಟ್ಟದೆ ಜಾರಿಹೋಗುತ್ತಿದೆ. ಮುಂದೆ ಮೋಡ ಕವಿದರೆ ಸಾಕು, ಮೇಷ್ಟ್ರೇ ಈರುಳ್ಳಿ ಎಲ್ಲಿ ಎಂದು ಕೇಳತೊಡಗಿದರು.

ಇನ್ನೊಂದು ವಿಷಯಕ್ಕೂ ಮೇಷ್ಟ್ರಿಗೆ ಅವರೆಂದರೆ ಬಲು ಇಷ್ಟ. ನಾವೆಲ್ಲ ಕನ್ನಡಿ ಕಡೆ ಕಣ್ಣು ಮಾತ್ರ ಹೊರಳಿಸುತ್ತಿದ್ದೆವು. ದೋಸೆಯಣ್ಣ ಕತ್ತನ್ನು ಪೂರ್ತಿ ತಿರುಗಿಸುತ್ತಿದ್ದರು, ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಮತ್ತೆ ಎಡಕ್ಕೆ. ಗುಬ್ಬಿ, ಗುಬ್ಬಿ ಎಂದು ನಾನು ಹಿಂದಿನಿಂದ ರೇಗಿಸುತ್ತಿದ್ದೆ. ನಗುವುದಲ್ಲ, ಕಲಿತುಕೋ, ಲಂಡನ್ನಿನಲ್ಲಿ ಎಡಗಡೆಯ ಕನ್ನಡಿ ನೋಡದವನು ಕೊಲೆಗಾರ ಎಂದು ಮೇಷ್ಟ್ರು ಗದರಿದರು. ಇಡೀ ತರಗತಿಯನ್ನು ಕರೆದು ಅವರ ಕತ್ತು ತೋರಿಸಿದರು. ದೋಸೆಯಣ್ಣ ಮದುಮಗನ ಹಾಗೆ ನಾಚಿಕೊಂಡರು. ನಾನೂ ಹಾಗೇ ಅಭ್ಯಾಸ ಮಾಡಿಕೊಂಡೆ.

ಪರೀಕ್ಷೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಅವತ್ತು ಕೊಲಿಂಡೇಲ್ ಕಡೆಯಿಂದ ವಾಪಸು ಬರುತ್ತಿದ್ದೆವು. ಬಿಸಿಲಿತ್ತು. ಒಂದು ಸಿಗ್ನಲ್ಲಿನಲ್ಲಿ ಎಡಕ್ಕೆ ತಿರುಗಬೇಕಿತ್ತು. ಎಡಗಡೆ ಸೈಕಲ್ಲಿನಲ್ಲಿ ಒಬ್ಬ ಹುಡುಗಿ ಬರುತ್ತಿರುವುದು ನನಗೆ ಹಿಂದಿನ ಸೀಟಿನ ಕಿಟಕಿಯಿಂದ ಚೆನ್ನಾಗಿಯೇ ಕಾಣುತ್ತಿತ್ತು. ದೋಸೆಯಣ್ಣ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಎದುರು ನೋಡುತ್ತ ಸ್ಟೇರಿಂಗ್ ತಿರುಗಿಸಿದರು. ಅಷ್ಟರಲ್ಲಿ ಅವಳು ಬಾಗಿಲ ಪಕ್ಕಕ್ಕೇ ಬಂದಿದ್ದಳು. ಮೇಷ್ಟ್ರು ಬ್ರೇಕು ತುಳಿದರು. ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು. ಹುಡುಗಿ ಲಾರಿಯ ಮೈಗೆ ಕೈಯಿಂದ ಬಡಿದು, ಬೈದು, ಹೊರಟುಹೋದಳು.

"ಅವ್ಳ್ ಎಲ್ಲಿಂದ ಬಂದ್ಲ್?" ಎಂದರು ದೋಸೆಯಣ್ಣ. ನನ್ನನ್ನು ಕೇಳಿದ್ದು, ಕನ್ನಡದಲ್ಲಿ. ಅವಳು ಆ ರಸ್ತೆಯುದ್ದಕ್ಕೂ ನಮ್ಮ ಪಕ್ಕದಲ್ಲೇ ಇದ್ದಳು.

ಮೇಷ್ಟ್ರು ಬೈಯಲಿಲ್ಲ. ನನಗೆ ಅದೇ ಭಯ ಹುಟ್ಟಿಸಿತು. ತಾವೇ ಓಡಿಸಿಕೊಂಡು ಕಾಲೇಜಿನ ಅಂಗಳಕ್ಕೆ ತಂದು ಇಂಜಿನ್ ಆಫ್ ಮಾಡಿದರು. ದೋಸೆಯಣ್ಣನಿಗೆ ಕತ್ತು ಆಡಿಸದೆ ಎದುರಿನ ಗೇಟನ್ನೇ ನೋಡಲು ಹೇಳಿದರು. ಆಮೇಲೆ ತಮ್ಮ ಕೈಯನ್ನು ಅವರ ಕಿವಿಯ ನೇರಕ್ಕೆ, ಸ್ವಲ್ಪ ಮುಂದೆ ಹಿಡಿದು ಬೆರಳುಗಳನ್ನು ಆಡಿಸಿದರು. ಎಷ್ಟು ಬೆರಳು ಎಂದು ಕೇಳಿದರು.

ದೋಸೆಯಣ್ಣ ಗೇಟನ್ನೇ ನೋಡುತ್ತ, ಒಳ್ಳೆಯ ವಿದ್ಯಾರ್ಥಿಯ ಹಾಗೆ ಮುಗುಳ್ನಕ್ಕು, ತಮ್ಮ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು: "ಯಾವ ಕೈ?"

ಮೇಷ್ಟ್ರ ಕೈ ಹಾಗೇ ನಿಂತಿತ್ತು... ಎಷ್ಟೋ ಹೊತ್ತು ಅದನ್ನು ಇಳಿಸಲೇ ಇಲ್ಲ ಅವರು.

ಕಣ್ಣಿನ ಆಸ್ಪತ್ರೆಯಲ್ಲಿ ಗ್ಲಾಕೋಮಾ ಎಂದರು. ನೋವಿಲ್ಲ, ಸದ್ದಿಲ್ಲ, ನೋಟವನ್ನು ಅಂಚಿನಿಂದ ತಿನ್ನುತ್ತ ಬರುವ ರೋಗವಂತೆ. ಎದುರಿನದು ಕಾಣುತ್ತಲೇ ಇರುತ್ತದೆ, ಹಾಗಾಗಿ ತರಬೇತಿಗೆ ಸೇರುವ ಮುಂಚೆ ಅಕ್ಷರ ಓದಿಸಿದಾಗ ಅವರು ಎಲ್ಲವನ್ನೂ ಸರಿಯಾಗಿ ಓದಿದ್ದರು. ದೋಸೆ ಹುಯ್ಯಲು ಎದುರಿಗೆ ಕಾವಲಿ ಕಂಡರೆ ಸಾಕು, ಅಲ್ಲಿ ಯಾರಿಗೆ ಗೊತ್ತಾಗಬೇಕು? ಕತ್ತು ತಿರುಗಿಸದಿದ್ದರೆ ಅವರಿಗೆ ಕನ್ನಡಿಯೇ ಕಾಣುತ್ತಿರಲಿಲ್ಲ. ಅದನ್ನು ನಾವು ಸಾಲಾಗಿ ನಿಂತು ನೋಡಿ ಕಲಿತಿದ್ದೆವು. ಕಣ್ಣಿಗೆ ಔಷಧಿಯ ಹನಿ ಹಾಕಿದರೆ ಉಳಿದದ್ದು ಉಳಿದೀತು, ಹೋದದ್ದು ಬರುವುದಿಲ್ಲ, ಲಾರಿಯನ್ನಂತೂ ಮರೆತುಬಿಡಿ ಎಂದರಂತೆ. ಇದನ್ನು ಹೇಳುವಾಗ ದೋಸೆಯಣ್ಣ ಅಳಲಿಲ್ಲ. ನಾನು ಅತ್ತೆ, ಕೆಂಟನ್ನಿನ ರಸ್ತೆಯಲ್ಲಿ ನಿಂತು, ಹೋಗುವವರು ಬರುವವರು ನೋಡುವ ಹಾಗೆ.

ಅವರು ನೆಲಮಾಳಿಗೆಗೆ ವಾಪಸಾದರು. ನನ್ನ ಪರೀಕ್ಷೆಯ ದಿನ ಮಾತ್ರ ರಜೆ ಹಾಕಿ ಅಂಗಳಕ್ಕೆ ಬಂದರು, ಜೇಬಿನಲ್ಲಿ ಟಿಶ್ಯೂ ಸುತ್ತಿದ ಅರ್ಧ ಈರುಳ್ಳಿ. ತುಂತುರು ಇತ್ತು. ಎರಡೂ ಕನ್ನಡಿಗೆ ಉಜ್ಜಿಕೊಟ್ಟು ಹಿಂದೆ ಸರಿದು ನಿಂತರು. ನಾನು ಪಾಸಾದೆ. ಕನ್ನಡಿ ನೋಡುವ ಕ್ರಮ ಬಹಳ ಚೆನ್ನಾಗಿದೆ ಎಂದು ಪರೀಕ್ಷಕರು ಬೇರೆ ಹೇಳಿದರು. ದೋಸೆಯಣ್ಣನಿಗೆ ನಾನು ಪಾಸಾದೆ ಎಂದಷ್ಟೇ ಹೇಳಿದೆ.

ಕೆಲಸ ಸಿಕ್ಕಿತು. ಕಡಲ ಕಡೆಯ ಲೋಡೂ ಸಿಕ್ಕಿತು. ಆದರೆ ಎಡಗಡೆಯ ಸೀಟಿನಲ್ಲಿ ಹೊರಗಿನವರನ್ನು ಕೂರಿಸುವ ಹಾಗಿಲ್ಲ, ಕಂಪನಿಯ ನಿಯಮ. ಬೇಡಿಕೊಂಡೆ, ಜಗಳವಾಡಿದೆ, ಆಗಲಿಲ್ಲ. ಕೊನೆಗೆ ಒಂದು ಸೋಮವಾರ ನಮ್ಮ ಹಳೆಯ ಕಾರಿನಲ್ಲಿ ಅವರನ್ನು ಕಡಲ ದಡದ ಸೌತೆಂಡಿಗೆ ಕರೆದುಕೊಂಡು ಹೋದೆ. ಹೋಗಿ ನೋಡಿದರೆ ಕಡಲೇ ಇಲ್ಲ! ನೀರು ಇಳಿದು ಕಣ್ಣು ಹಾಯುವಷ್ಟು ದೂರಕ್ಕೂ ಬರೀ ಕೆಸರು. ನನ್ನ ಹಣೆಬರಹಕ್ಕೆ ನಾನು ಬೈದುಕೊಳ್ಳುತ್ತಿದ್ದರೆ ದೋಸೆಯಣ್ಣ ಗೋಡೆಯ ಮೇಲೆ ಆರಾಮಾಗಿ ಕೂತು ಬುತ್ತಿ ಬಿಚ್ಚಿದರು.

"ಬತ್ತ್, ಕೂಕೊ ತಂಗಿ. ಕಡಲ್ ಎಲ್ಲಿಗೂ ಓಡಿ ಹೋತಿಲ್ಲೆ."

ಸಂಜೆಯ ಹೊತ್ತಿಗೆ ಬಂತು, ಕೆಸರನ್ನು ಮೆಲ್ಲನೆ ಮುಚ್ಚುತ್ತ. ಅವರು ಎದ್ದು ನಿಂತು ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿದರು, ಆಮೇಲೆ ಇಷ್ಟಿಷ್ಟೇ ಬಲಕ್ಕೆ. ಅಷ್ಟು ದೊಡ್ಡ ಕಡಲನ್ನು ತುಂಡು ತುಂಡಾಗಿ ನೋಡಿ ಜೋಡಿಸಿಕೊಳ್ಳುತ್ತಿದ್ದರು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ... ಗುಬ್ಬಿ ಎಂದು ರೇಗಿಸಿದ್ದವಳು ನಾನು, ಬುತ್ತಿಯ ಡಬ್ಬಿ ಮುಚ್ಚಿ ಅವರ ಪಕ್ಕಕ್ಕೆ ಹೋಗಿ ನಿಂತೆ. ಬಹಳ ಹೊತ್ತಾದ ಮೇಲೆ, ಸಾಕು ಮಾರಾಯ್ತಿ, ಕಂಡಾಯ್ತು ಎಂದರು.

ಕೆಲವು ವರ್ಷಗಳ ಮೇಲೆ ಒಂದು ಭಾನುವಾರ ದೋಸೆಯ ರುಚಿ ಬೇರೆಯಿತ್ತು. ಬಡಿಸುವವನನ್ನು ಕೇಳಿದೆ. ಕಾವಲಿಯೂ ಸರಿಯಾಗಿ ಕಾಣದಾಗಿ, ಕೈ ಸುಟ್ಟುಕೊಂಡು, ಊರಿಗೆ ತಂಗಿಯ ಮನೆಗೆ ಹೋದರಂತೆ. ನನಗೆ ಹೇಳಲಿಲ್ಲ. ಹೇಳಿದ್ದರೆ ರಸ್ತೆಯಲ್ಲಿ ಮತ್ತೆ ಅಳುತ್ತಿದ್ದೆ ಎಂದು ಗೊತ್ತಿತ್ತೋ ಏನೋ. ಅಲ್ಲಿಂದ ಹೆಚ್ಚು ದಿನ ಕಳೆಯುವ ಮೊದಲೇ ತೀರಿಕೊಂಡ ಸುದ್ದಿ ಬಂತು. ಆ ಹೋಟೆಲಿಗೆ ನಾನು ಆಮೇಲೆ ಹೋಗಿಲ್ಲ.

ಹೋದ ತಿಂಗಳು ಆ ಮಳೆಯಲ್ಲಿ ನಾನು ಕ್ಯಾಬಿನ್ನಿನಿಂದ ಮತ್ತೆ ಇಳಿದೆ. ಉರುಳಿಬಿದ್ದ ಒಂದು ಈರುಳ್ಳಿಯನ್ನು ಎತ್ತಿಕೊಂಡು, ಎರಡು ಹೋಳು ಮಾಡಿ, ಎರಡೂ ಕನ್ನಡಿಗೆ ಸುತ್ತಿ ಸುತ್ತಿ ಉಜ್ಜಿದೆ. ಫೋರ್ಕ್‌ಲಿಫ್ಟಿನವನು ಹುಚ್ಚಿ ಅಂದುಕೊಂಡಿರಬೇಕು, ಅಂದುಕೊಳ್ಳಲಿ. ಡೋವರ್ ಬಂದರಿನ ಕಡೆ ಹೋಗಬೇಕಿತ್ತು. ದೇವರ ದಯೆ, ನನಗೆ ಎರಡೂ ಬದಿ ಚೆನ್ನಾಗಿಯೇ ಕಾಣುತ್ತದೆ. ಕಣ್ಣು ಹೊರಳಿಸಿದರೆ ಸಾಕು. ಆದರೂ ಕತ್ತು ಪೂರ್ತಿ ತಿರುಗಿಸಿಯೇ ನೋಡುತ್ತೇನೆ. ಎಡಗಡೆಯ ಕನ್ನಡಿಗೆ ಹೋಗುವ ದಾರಿಯಲ್ಲಿ ಪ್ರತಿ ಸಲವೂ ಆ ಸೀಟು ಸಿಗುತ್ತದೆ, ಖಾಲಿ.